ಹಲ್ಲಿನ ಇಂಪ್ಲಾಂಟ್: ಒರಟು ಮೈಗೆ ಮೂಳೆ ಬೇಗ ಕೂಡುವುದು ಹೇಗೆ?

ಇಂಪ್ಲಾಂಟ್ ಎಂದರೆ ಹೋದ ಹಲ್ಲಿನ ಬೇರಿನ ಜಾಗದಲ್ಲಿ ದವಡೆಯ ಮೂಳೆಗೆ ಕೂರಿಸುವ ಸ್ಕ್ರೂ. ಅದನ್ನು ಹಾಕಿಸಲು ಹೋದವರು ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ: ಎಷ್ಟಾಗುತ್ತೆ, ಯಾವ ಕಂಪನಿದು? ಅದರ ಮೈ, ಅಂದರೆ ಮೂಳೆಗೆ ತಾಗುವ ಹೊರಮೈ, ಎಂಥದ್ದು ಎಂದು ಕೇಳುವವರು ಕಡಿಮೆ. ಮೇಲೆ ಹಲ್ಲಿನಾಕಾರದ ಕ್ಯಾಪ್ ಕೂರಿಸಲು ಎಷ್ಟು ವಾರ ಕಾಯಬೇಕೆಂಬುದು ಬಹಳಷ್ಟು ಮಟ್ಟಿಗೆ ಆ ಮೈಯನ್ನೇ ಅವಲಂಬಿಸಿದೆ.

ಸ್ವೀಡನ್ನಿನ ವೈದ್ಯ ಪರ್-ಇಂಗ್ವಾರ್ ಬ್ರೋನೆಮಾರ್ಕ್ 1965ರಲ್ಲಿ ಮೊದಲ ರೋಗಿಗೆ ಹಾಕಿದ್ದು ಯಂತ್ರದಲ್ಲಿ ಕಡೆದ, ನುಣ್ಣಗಿನ ಟೈಟಾನಿಯಂ ಸ್ಕ್ರೂ. ಅಂಥವು ಗಟ್ಟಿಯಾಗಲು ಕೆಳದವಡೆಯಲ್ಲಿ ಮೂರು ತಿಂಗಳು, ಮೇಲ್ದವಡೆಯಲ್ಲಿ ಆರು ತಿಂಗಳು ಬಿಡುತ್ತಿದ್ದರು. ಈಗಿನ ಒರಟು ಮೈಯ ಸ್ಕ್ರೂಗಳಿಗೆ, ಮೂಳೆ ಚೆನ್ನಾಗಿದ್ದರೆ, 6ರಿಂದ 8 ವಾರ ಸಾಕು.

ಮೊದಲ ಹಂತ ನಡೆಯುವುದು ಕಾರ್ಖಾನೆಯಲ್ಲಿ. ಕಾಲು ಮಿಲಿಮೀಟರಿನಿಂದ ಅರ್ಧ ಮಿಲಿಮೀಟರ್ ಗಾತ್ರದ, ಅಲ್ಯುಮಿನಾ ಎಂಬ ಗಟ್ಟಿ ಪದಾರ್ಥದ ಹರಳುಗಳನ್ನು ಸ್ಕ್ರೂ ಮೇಲೆ ರಭಸವಾಗಿ ಎರಚುತ್ತಾರೆ. ಬಳಿಕ ಬಿಸಿ ಆಮ್ಲದಲ್ಲಿ ಅದ್ದುತ್ತಾರೆ. ಹರಳು ಕೊರೆದ ದೊಡ್ಡ ಗುಳಿಗಳೊಳಗೆ ಆಮ್ಲ ಎರಡು-ನಾಲ್ಕು ಮೈಕ್ರಾನಿನ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಪುಟ್ಟ ಗುಳಿಗಳನ್ನು ಮಾಡುತ್ತದೆ. ಕಾಂಕ್ರೀಟ್ ಕಂಬಕ್ಕೆ ಪ್ಲಾಸ್ಟರ್ ಹಿಡಿಯಲೆಂದು ಗಾರೆಯವರು ಮೊದಲು ಕೊಚ್ಚುತ್ತಾರಲ್ಲ, ಹಾಗೆ.

ಮುಂದಿನದು ದವಡೆಯೊಳಗಿನ ಕೆಲಸ. ಸ್ಕ್ರೂ ಇಳಿದ ಕೂಡಲೇ ರಕ್ತ ಅದನ್ನು ತೋಯಿಸಿ ಹೆಪ್ಪುಗಟ್ಟುತ್ತದೆ. ಹೆಪ್ಪಿನಲ್ಲಿರುವ ಫೈಬ್ರಿನ್ ಎಂಬ ಪ್ರೋಟೀನಿನ ಎಳೆಗಳೇ ಮೂಳೆ ಕಟ್ಟುವ ಕೋಶಗಳಿಗೆ ದಾರಿ. ಕೋಶಗಳು ಆ ಎಳೆಗಳನ್ನು ಜಗ್ಗುತ್ತ ತೆವಳಿ ಬರುತ್ತವೆ. ಮೈ ನುಣ್ಣಗಿದ್ದರೆ ಜಗ್ಗಿದ ರಭಸಕ್ಕೆ ಎಳೆ ಕಳಚಿಕೊಳ್ಳುತ್ತದೆ. ಆಗ ಮೂಳೆ ರಂಧ್ರದ ಅಂಚಿನಿಂದ ನಿಧಾನವಾಗಿ ಸ್ಕ್ರೂ ಕಡೆಗೆ ಬೆಳೆದು ಬರಬೇಕು. ಒರಟು ಮೈಯಲ್ಲಿ ಎಳೆ ಸಿಕ್ಕಿಕೊಂಡೇ ಇರುತ್ತದೆ. ಕೋಶ ಟೈಟಾನಿಯಂವರೆಗೂ ತಲುಪಿ ಅಲ್ಲಿಂದಲೇ ಮೂಳೆ ಕಟ್ಟಲು ತೊಡಗುತ್ತದೆ. ಎರಡೂ ಕಡೆಯಿಂದ ಕೆಲಸ ಸಾಗುವುದರಿಂದ ವಾರಗಳು ಉಳಿಯುತ್ತವೆ.

ಎಚ್ಚರ ಬೇಕಾದದ್ದು ಎರಡರಿಂದ ನಾಲ್ಕನೇ ವಾರದ ನಡುವೆ. ಸ್ಕ್ರೂವನ್ನು ಬಿಗಿ ಹಿಡಿದಿದ್ದ ಹಳೆ ಮೂಳೆ ಕರಗುತ್ತಿರುತ್ತದೆ, ಹೊಸದು ಇನ್ನೂ ಎಳಸು. ಹಾಗಾಗಿ ಸ್ಕ್ರೂವಿನ ಹಿಡಿತ ಇಳಿದಿರುತ್ತದೆ. ಒರಟು ಮೈ ಈ ಇಳಿತವನ್ನು ತಗ್ಗಿಸುತ್ತದೆ, ಪೂರ್ತಿ ತಪ್ಪಿಸುವುದಿಲ್ಲ. ನೋವೇ ಇಲ್ಲವಲ್ಲ ಎಂದು ಆ ಬದಿಯಲ್ಲಿ ಚಕ್ಕುಲಿ ಕಡಿಯುವವರು ಕೆಡಿಸಿಕೊಳ್ಳುವುದು ಆಗಲೇ.

ಹಾಗಾದರೆ ಇನ್ನಷ್ಟು ಒರಟಾಗಿಸಬಹುದಲ್ಲ? ಬೇಡ. ಸರಾಸರಿ 1ರಿಂದ 2 ಮೈಕ್ರಾನ್ ಒರಟುತನಕ್ಕೆ ಮೂಳೆಯ ಸ್ಪಂದನೆ ಚೆನ್ನಾಗಿರುತ್ತದೆ. ಹಿಂದೆ ಟೈಟಾನಿಯಂ ಪುಡಿಯನ್ನು ಪ್ಲಾಸ್ಮಾ ಎಂಬ ಅತಿ ಬಿಸಿ ಅನಿಲದಲ್ಲಿ ಕರಗಿಸಿ ಸಿಂಪಡಿಸಿ ತುಂಬ ತರಿಯಾದ ಮೈ ಮಾಡುತ್ತಿದ್ದರು. ವಸಡು ಇಳಿದು ಆ ಮೈ ಬಾಯಿಗೆ ತೆರೆದುಕೊಂಡರೆ ಬ್ಯಾಕ್ಟೀರಿಯಾಗಳಿಗೂ ಅದೇ ಗುಳಿಗಳು ಮನೆ. ಉಜ್ಜಿ ತೆಗೆಯುವುದು ಬಲು ಕಷ್ಟ. ಇವತ್ತಿನ ಇಂಪ್ಲಾಂಟಿಗೂ ಈ ಮಾತು ಅಷ್ಟಿಷ್ಟು ಅನ್ವಯಿಸುತ್ತದೆ. ಆದ್ದರಿಂದ ವಸಡಿನ ಕಾಯಿಲೆ ಇರುವವರು ಮೊದಲು ಅದನ್ನು ಗುಣಪಡಿಸಿಕೊಳ್ಳಲಿ. ಸಿಗರೇಟು, ಹತೋಟಿಗೆ ಬಾರದ ಸಕ್ಕರೆ ಇದ್ದರೆ ಎಂಥ ದುಬಾರಿ ಮೈಯೂ ಪೂರ್ತಿ ಕಾಪಾಡದು.

ಕೊನೆಯದಾಗಿ, ಇಂಪ್ಲಾಂಟ್ ಡಬ್ಬಿಯಲ್ಲಿ ಬ್ರ್ಯಾಂಡ್, ಅಳತೆ, ಲಾಟ್ ನಂಬರ್ ಇರುವ ಸ್ಟಿಕ್ಕರ್ ಬರುತ್ತದೆ. ಅದನ್ನು ನಿಮ್ಮ ಫೈಲಿಗೆ ಅಂಟಿಸಿಕೊಡಲು ಡಾಕ್ಟರಿಗೆ ಹೇಳಿ. ಹತ್ತು ವರ್ಷದ ಮೇಲೆ ಬೇರೆ ಊರಲ್ಲಿ ಕ್ಯಾಪ್ ಸಡಿಲವಾದರೆ ಅಲ್ಲಿನ ಡಾಕ್ಟರ್ ಮೊದಲು ಕೇಳುವುದು ಅದನ್ನೇ.