ಎರಡು ದಿನದ ಬೆಂಗಳೂರಿನಲ್ಲಿ ಒಳ್ಳೆಯ ಬಿಯರು, ಒಳ್ಳೆಯ ಊಟ: ನನ್ನ ಅನುಭವ

ನಾನು ಧಾರವಾಡದವನು, ಹಾಲಿನ ಡೇರಿಯೊಂದರ ಗುಣಮಟ್ಟ ಪರೀಕ್ಷೆಯ ವಿಭಾಗದಲ್ಲಿ ನನ್ನ ಕೆಲಸ. ವರ್ಷಕ್ಕೆ ಮೂರು ನಾಲ್ಕು ಸಲ ಶುಕ್ರವಾರ ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಶನಿವಾರ ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿದು, ಭಾನುವಾರ ರಾತ್ರಿ ಅದೇ ರೈಲಿಗೆ ಊರಿಗೆ ಮರಳುತ್ತೇನೆ. ಕಾಲೇಜಿನ ಗೆಳೆಯನೊಬ್ಬ ಅಲ್ಲಿದ್ದಾನೆ. ಇಬ್ಬರಿಗೂ ಒಳ್ಳೆಯ ಊಟದ ಮೇಲೆ ಪ್ರೀತಿ, ಬೆಂಗಳೂರಿನ ಮೈಕ್ರೊಬ್ರೂವರಿಗಳಲ್ಲಿ ಅಲ್ಲಿಯೇ ತಯಾರಾಗುವ ಬಿಯರಿನ ಮೇಲೆ ಕುತೂಹಲ. ಈ ಎರಡನ್ನೂ ಎರಡೇ ದಿನದಲ್ಲಿ ಹದವಾಗಿ ಹೊಂದಿಸಿಕೊಳ್ಳಲು ನನಗೆ ಐದಾರು ಭೇಟಿಗಳೇ ಬೇಕಾದವು.

ಮೊದಲ ಸಲ ನಾವು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಫೋನಿನಲ್ಲಿ ಹೆಚ್ಚು ನಕ್ಷತ್ರ ಪಡೆದಿದ್ದ ಜಾಗಗಳನ್ನು ಗುರುತು ಹಾಕಿಕೊಂಡು, ನಗರದ ಒಂದು ತುದಿಯಿಂದ ಇನ್ನೊಂದು ತುದಿಗೆ ಆಟೋದಲ್ಲಿ ಓಡಾಡಿದೆವು. ಮಧ್ಯಾಹ್ನ ಮೂರೂವರೆಗೆ ದೊನ್ನೆ ಬಿರಿಯಾನಿಗೆಂದು ಹೋದಾಗ ಪಾತ್ರೆ ಖಾಲಿಯಾಗಿತ್ತು. ರಾತ್ರಿ ಎಂಟಕ್ಕೆ ಬ್ರೂವರಿಯೊಂದರ ಬಾಗಿಲಲ್ಲಿ ಒಂದೂವರೆ ಗಂಟೆ ನಿಂತು ಒಳಗೆ ಹೋದರೆ, ಮಾತು ಕೇಳಿಸದಷ್ಟು ಗದ್ದಲ. ಬಂದ ಬಿಯರನ್ನು ಮೂಗಿನ ಹತ್ತಿರ ತಂದ ಕೂಡಲೇ ನನಗೆ ನಮ್ಮ ಡೇರಿಯ ನೆನಪಾಯಿತು, ಏಕೆಂದರೆ ಅದರಲ್ಲಿ ಬೆಣ್ಣೆಯ ವಾಸನೆ ಎದ್ದು ಕಾಣುತ್ತಿತ್ತು.

ಆ ವಾಸನೆಯ ಹೆಸರು ಡೈಅಸಿಟೈಲ್. ಹೆಪ್ಪು ಹಾಕಿದ ಕೆನೆಯಿಂದ ಕಡೆದ ಬೆಣ್ಣೆಗೆ ಘಮ ಕೊಡುವುದು ಅದೇ ಆದ್ದರಿಂದ, ನಮ್ಮ ಕೆಲಸದಲ್ಲಿ ಅದನ್ನು ಗುಣವೆಂದೇ ಎಣಿಸುತ್ತೇವೆ. ಬಹುಪಾಲು ಬಿಯರುಗಳಲ್ಲಿ ಅದು ದೋಷ. ಹುದುಗುವ ಹೊತ್ತಿನಲ್ಲಿ ಆ ವಸ್ತು ಹುಟ್ಟಿಕೊಳ್ಳುತ್ತದೆ. ಸಾಕಷ್ಟು ದಿನ ಬಿಟ್ಟರೆ ಬಿಯರನ್ನು ಹುದುಗಿಸುವ ಯೀಸ್ಟೇ ಅದನ್ನು ಮರಳಿ ಹೀರಿಕೊಳ್ಳುತ್ತದೆ. ಅವಸರದಿಂದ ಬಿಯರನ್ನು ತಣ್ಣಗೆ ಮಾಡಿ ಗಿರಾಕಿಗೆ ಕೊಟ್ಟರೆ, ಅಥವಾ ಟ್ಯಾಂಕಿನಿಂದ ನಲ್ಲಿಗೆ ಬರುವ ಕೊಳವೆಯನ್ನು ಸರಿಯಾಗಿ ತೊಳೆಯದೆ ಅಲ್ಲಿ ಬ್ಯಾಕ್ಟೀರಿಯಾ ಬೆಳೆದರೆ, ಆ ವಾಸನೆ ಲೋಟದಲ್ಲಿ ಉಳಿಯುತ್ತದೆ. ಹಾಲಿನ ಕ್ಯಾನಿನ ಮುಚ್ಚಳ ತೆಗೆದೊಡನೆ ಮೂಗಿನಿಂದಲೇ ಮೊದಲ ಪರೀಕ್ಷೆ ಮಾಡುವ ನಾನು, ಬಿಯರಿನ ವಿಷಯದಲ್ಲಿ ಮಾತ್ರ ಬೇರೆಯವರ ನಕ್ಷತ್ರಗಳನ್ನು ನಂಬಿ ಹೊರಟಿದ್ದೆ ಎಂಬುದು ಅಂದು ಮನಸ್ಸಿಗೆ ತಟ್ಟಿತು. ಅಂದಿನಿಂದ ಕ್ರಮ ಬದಲಾಯಿಸಿಕೊಂಡೆ.

ಮೊದಲನೆಯದಾಗಿ, ಈಗ ಮೆಟ್ರೋ ನಕ್ಷೆಯನ್ನು ಮುಂದಿಟ್ಟುಕೊಂಡೇ ದಿನವನ್ನು ಹೊಂದಿಸುತ್ತೇನೆ. ಕುಡಿಯುವ ದಿನ ವಾಹನ ಮುಟ್ಟುವುದಿಲ್ಲ ಎಂಬುದು ನಮ್ಮಿಬ್ಬರ ನಡುವೆ ಚರ್ಚೆಯೇ ಇಲ್ಲದ ಮಾತು. ಆದ್ದರಿಂದ ನಿಲ್ದಾಣದಿಂದ ನಡೆದು ಹೋಗಬಹುದಾದ ಜಾಗಗಳಿಗೇ ನಮ್ಮ ಆಯ್ಕೆ ಸೀಮಿತ. ಶನಿವಾರ ಮೆಜೆಸ್ಟಿಕ್‌ನಿಂದ ಹಸಿರು ಮಾರ್ಗದಲ್ಲಿ ನ್ಯಾಷನಲ್ ಕಾಲೇಜು ನಿಲ್ದಾಣಕ್ಕೆ ಹೋಗಿ, ಅಲ್ಲಿಂದ ನಡೆದು ಗಾಂಧಿ ಬಜಾರಿನ ವಿದ್ಯಾರ್ಥಿ ಭವನವನ್ನು ಏಳರ ಹೊತ್ತಿಗೆ ತಲುಪುತ್ತೇವೆ. 1943ರಲ್ಲಿ ಆರಂಭವಾದ ಈ ಹೋಟೆಲಿಗೆ ಶುಕ್ರವಾರ ರಜೆ. ಒಂಬತ್ತಾದರೆ ಹೆಸರು ಬರೆಸಿ ಹೊರಗೆ ಕಾಯಬೇಕು. ಏಳಕ್ಕೆ ಹೋದರೆ ಅಂಥ ಕಷ್ಟವಿಲ್ಲ. ಮೊಣಕೈವರೆಗೂ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಬರುವ ಪರಿಚಾರಕರನ್ನು ನೋಡುತ್ತಾ ಕೂತಿರುವಾಗಲೇ ದೋಸೆ ಬರುತ್ತದೆ: ಹೊರಗೆ ಕೆಂಪಗೆ ಗರಿಗರಿ, ಒಳಗೆ ಮೃದು, ಜೊತೆಗೆ ನೀರಾದ ಚಟ್ನಿ. ಆ ಚಟ್ನಿಯಲ್ಲಿ ದೋಸೆಯ ಅಂಚು ನೆನೆಯುವ ಆ ಅರ್ಧ ನಿಮಿಷವೇ ನನ್ನ ಮಟ್ಟಿಗೆ ಬೆಂಗಳೂರಿನ ಶನಿವಾರದ ಆರಂಭ.

ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ಅಲ್ಲಿಗೆ ಹತ್ತಿರ. ಸಾಂಬಾರಿಲ್ಲದೆ ಚಟ್ನಿಯೊಂದನ್ನೇ ಕೊಡುವ ಅಲ್ಲಿನ ಇಡ್ಲಿ, ವಡೆಗಳನ್ನು ನಿಂತೇ ತಿನ್ನಬೇಕು. ಅದಕ್ಕೆ ಭಾನುವಾರ ರಜೆ ಇರುವುದರಿಂದಲೇ ನಾನು ಬಸವನಗುಡಿಯ ಕಡೆಯನ್ನು ಶನಿವಾರಕ್ಕೆ, ಮಲ್ಲೇಶ್ವರದ ಸಿ.ಟಿ.ಆರ್. ಹೋಟೆಲಿನ ಬೆಣ್ಣೆ ಮಸಾಲೆ ದೋಸೆಯನ್ನು ಭಾನುವಾರಕ್ಕೆ ಇಟ್ಟುಕೊಳ್ಳುವುದು. ಇಂಥ ವಾರದ ರಜೆಗಳನ್ನು ಹೊರಡುವ ಮೊದಲೇ ಬರೆದಿಟ್ಟುಕೊಂಡರೆ ಅರ್ಧ ದಿನ ಉಳಿಯುತ್ತದೆ.

ಮಧ್ಯಾಹ್ನದ ಊಟ ಬಿಯರಿಗಿಂತ ಮೊದಲೇ ಆಗಬೇಕೆಂಬುದು ನನ್ನ ಎರಡನೆಯ ನಿಯಮ. ಖಾಲಿ ಹೊಟ್ಟೆಯಲ್ಲಿ ಕುಡಿದರೆ ಮೂರನೆಯ ಲೋಟದ ರುಚಿ ನಾಲಗೆಗೆ ಗೊತ್ತೇ ಆಗುವುದಿಲ್ಲ, ದೇಹಕ್ಕೂ ಅದು ಒಳ್ಳೆಯದಲ್ಲ. ಹನ್ನೆರಡೂವರೆಗೆಲ್ಲ ಜಯನಗರದ ಶಿವಾಜಿ ಮಿಲಿಟರಿ ಹೋಟೆಲಿನಲ್ಲಿ ಕೂತಿರುತ್ತೇವೆ. ಹಿಂದಿನ ಸಲದ ಪಾಠ ಇಲ್ಲಿ ಉಪಯೋಗಕ್ಕೆ ಬಂತು. ಮಿಲಿಟರಿ ಹೋಟೆಲಿನ ಬಿರಿಯಾನಿ ದೊಡ್ಡ ಪಾತ್ರೆಯಲ್ಲಿ ಒಮ್ಮೆಗೇ ಆಗುವ ಅಡುಗೆ. ಖಾಲಿಯಾದರೆ ಆ ಹೊತ್ತಿಗೆ ಮುಗಿದಂತೆಯೇ. ಸಣ್ಣ ಜೀರಿಗೆ ಸಾಂಬಾ ಅಕ್ಕಿ, ಪುದೀನ ಮತ್ತು ಕೊತ್ತಂಬರಿಯ ಹಸಿರು ಮಸಾಲೆ, ದೊನ್ನೆಯ ಎಲೆಗೆ ಬಿಸಿ ತಾಗಿ ಏಳುವ ಪರಿಮಳ, ಇವೆಲ್ಲ ಸೇರಿ ಆಗುವ ರುಚಿ ಬಾಸುಮತಿ ಬಿರಿಯಾನಿಗೆ ಬರುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಊಟವಾದ ಮೇಲೆ ಮೆಜೆಸ್ಟಿಕ್‌ನಲ್ಲಿ ಮಾರ್ಗ ಬದಲಿಸಿ, ನೇರಳೆ ಮಾರ್ಗದಲ್ಲಿ ಇಂದಿರಾನಗರಕ್ಕೆ. ನೂರಡಿ ರಸ್ತೆಯ ಟಾಯ್ಟ್ ಎಂಬ ಬ್ರೂವರಿ 2010ರಲ್ಲಿ ಆರಂಭವಾದದ್ದು. ನಿಲ್ದಾಣದಿಂದ ಕೆಲವೇ ನಿಮಿಷದ ನಡಿಗೆ. ಶನಿವಾರ ರಾತ್ರಿ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಎರಡೂವರೆ, ಮೂರರ ಹೊತ್ತಿಗೆ ಹೋದರೆ ಪರಿಚಾರಕರಿಗೂ ಮಾತನಾಡಲು ಪುರುಸೊತ್ತಿರುತ್ತದೆ, ನಮಗೆ ಬೇಕಾದದ್ದೂ ಅದೇ. ಏಕೆಂದರೆ ಪಟ್ಟಿಯಲ್ಲಿ ಎಷ್ಟು ಬಗೆಯ ಬಿಯರಿದೆ ಎಂಬುದಕ್ಕಿಂತ ಯಾವುದು ಹೊಸದು ಎಂಬುದು ನನಗೆ ಮುಖ್ಯ. ಇಂಥ ಕಡೆ ನಾನು ಕೇಳುವ ಮೊದಲ ಪ್ರಶ್ನೆ ಪ್ರತಿ ಸಲವೂ ಒಂದೇ.

“ಇವುಗಳಲ್ಲಿ ತೀರಾ ಈಚೆಗೆ ತೆರೆದ ಟ್ಯಾಂಕು ಯಾವುದರದು?”

“ವೀಟ್ ಬಿಯರು ಮೊನ್ನೆ ಬಂದಿದೆ ಸರ್. ಸ್ಟೌಟ್ ಸ್ವಲ್ಪ ದಿನದ್ದು, ಆದರೆ ಅದು ಚೆನ್ನಾಗಿಯೇ ಇದೆ” ಎಂದು ಒಮ್ಮೆ ಒಬ್ಬ ಹುಡುಗ ಹೇಳಿದ್ದು ಅಕ್ಷರಶಃ ಸರಿಯಾದ ಉತ್ತರವಾಗಿತ್ತು. ಗೋಧಿಯ ಬಿಯರು ಎಳೆಯದಾದಷ್ಟೂ ಚೆನ್ನ. ಬಿಯರಿಗೆ ಕಹಿ, ಪರಿಮಳ ಕೊಡುವ ಹಾಪ್ ಹೂವನ್ನೇ ನೆಚ್ಚಿಕೊಂಡ ಐ.ಪಿ.ಎ. (ಇಂಡಿಯಾ ಪೇಲ್ ಏಲ್) ಬಗೆಯೂ ಬೇಗ ಸೊರಗುತ್ತದೆ. ಹುರಿದ ಬಾರ್ಲಿಯಿಂದ ಮಾಡುವ ಕಪ್ಪು ಸ್ಟೌಟ್ ಮಾತ್ರ ಒಂದಿಷ್ಟು ದಿನ ತಾಳಿಕೊಳ್ಳುತ್ತದೆ. ಈ ಪ್ರಶ್ನೆಗೆ ಒಳಗೆ ಹೋಗಿ ವಿಚಾರಿಸಿಕೊಂಡು ಬಂದು ಉತ್ತರಿಸುವ ಜಾಗವನ್ನು ನಾನು ನಂಬುತ್ತೇನೆ; “ಎಲ್ಲವೂ ಫ್ರೆಶ್ ಸರ್” ಎಂದು ಥಟ್ಟನೆ ಹೇಳುವ ಕಡೆ ಒಂದೇ ಲೋಟಕ್ಕೆ ಏಳುತ್ತೇನೆ.

ಪೂರ್ತಿ ಲೋಟ ತರಿಸುವ ಮೊದಲು ಸಣ್ಣ ಲೋಟಗಳ ಸ್ಯಾಂಪ್ಲರ್ ತರಿಸುತ್ತೇವೆ. ಹಗುರದಿಂದ ಗಾಢಕ್ಕೆ ಹೋಗುವುದು ಕ್ರಮ. ಮೊದಲು ಕಿತ್ತಳೆ ಸಿಪ್ಪೆ ಮತ್ತು ಕೊತ್ತಂಬರಿ ಬೀಜ ಸೇರಿಸುವ ಬೆಲ್ಜಿಯಂ ಶೈಲಿಯ ಗೋಧಿ ಬಿಯರಾದ ವಿಟ್, ಆಮೇಲೆ ಜರ್ಮನ್ ಶೈಲಿಯ ಗೋಧಿ ಬಿಯರಾದ ಹೆಫೆವೈಜನ್, ಆಮೇಲೆ ಕಹಿಯದು, ಕೊನೆಗೆ ಕಪ್ಪು. ಲೋಟ ಬಂದ ಕೂಡಲೇ ಕುಡಿಯುವುದಿಲ್ಲ. ಮೊದಲು ಗಾಜಿನ ಒಳಗೋಡೆಯನ್ನು ನೋಡುತ್ತೇನೆ. ಗುಳ್ಳೆಗಳು ಮೇಲಕ್ಕೆ ಏಳದೆ ಗೋಡೆಗೆ ಅಲ್ಲಲ್ಲಿ ಗುಂಪಾಗಿ ಅಂಟಿಕೊಂಡಿದ್ದರೆ ಲೋಟದಲ್ಲಿ ಜಿಡ್ಡೋ ಸಾಬೂನಿನ ಅಂಶವೋ ಉಳಿದಿದೆ ಎಂದರ್ಥ. ವಿನಯದಿಂದಲೇ ಬೇರೆ ಲೋಟ ಕೇಳುತ್ತೇನೆ. ಶುದ್ಧ ಲೋಟದಲ್ಲಿ ಪ್ರತಿ ಗುಟುಕಿನ ಹಿಂದೆಯೂ ನೊರೆ ಒಂದೊಂದು ಉಂಗುರವಾಗಿ ಗಾಜಿನ ಮೇಲೆ ಉಳಿಯುತ್ತಾ ಇಳಿಯುತ್ತದೆ, ಅದನ್ನು ನೋಡುವುದೇ ಒಂದು ಸಂತೋಷ. ಬಿಯರು ತೀರಾ ತಣ್ಣಗಿದ್ದರೆ ಪರಿಮಳ ಮೇಲೇಳುವುದಿಲ್ಲವಾದ್ದರಿಂದ, ಎರಡೂ ಅಂಗೈಗಳಲ್ಲಿ ಲೋಟವನ್ನು ಮೂರು ನಾಲ್ಕು ನಿಮಿಷ ಹಿಡಿದುಕೊಳ್ಳುತ್ತೇನೆ. ಆಗ ಹೆಫೆವೈಜನ್‌ನಿಂದ ಮಾಗಿದ ಬಾಳೆಹಣ್ಣಿನ ವಾಸನೆ, ಅದರ ಹಿಂದೆಯೇ ಲವಂಗದ್ದು ಏಳುತ್ತದೆ. ಅದರೊಳಗೆ ಬಾಳೆಯೂ ಇಲ್ಲ, ಲವಂಗವೂ ಇಲ್ಲ. ಎರಡೂ ಯೀಸ್ಟಿನ ಕೊಡುಗೆ. ಇದನ್ನು ಮೊದಲ ಸಲ ಸ್ಪಷ್ಟವಾಗಿ ಗುರುತಿಸಿದ ದಿನ ನಾನು ಗೆಳೆಯನ ಕೈಗೆ ಲೋಟ ಕೊಟ್ಟು, ಏನೂ ಹೇಳದೆ ಅವನ ಮುಖವನ್ನೇ ನೋಡುತ್ತಿದ್ದೆ. “ಏಲಕ್ಕಿ ಬಾಳೆ” ಎಂದ.

ಬೆಣ್ಣೆ ವಾಸನೆಯ ಹಾಗೆಯೇ ಒದ್ದೆ ರಟ್ಟಿನ ವಾಸನೆಯೂ ದೋಷ. ಗಾಳಿ ತಾಗಿ ಹಳಸಿದ್ದರ ಗುರುತು ಅದು. ಇಂಥದ್ದು ಕಂಡರೆ ಜಗಳವಾಡದೆ, ಒಂದು ಗುಟುಕಿನಲ್ಲೇ ನಿಲ್ಲಿಸಿ ತಿಳಿಸುವುದು ಒಳ್ಳೆಯದು. ಅರ್ಧ ಕುಡಿದ ಮೇಲೆ ಹೇಳಿದರೆ ನಮ್ಮ ಮಾತಿಗೆ ಬೆಲೆ ಇರುವುದಿಲ್ಲ. ಎರಡು ಕಡೆ ಹೀಗೆ ಹೇಳಿದಾಗ ಬೇಸರಿಸದೆ ಬದಲಾಯಿಸಿ ಕೊಟ್ಟಿದ್ದಾರೆ.

ಭಾನುವಾರ ಬೆಳಿಗ್ಗೆ ಮಲ್ಲೇಶ್ವರ ಮುಗಿಸಿ ಎಂ.ಜಿ. ರಸ್ತೆಯ ಕಡೆ ಹೊರಡುತ್ತೇವೆ. ಇಲ್ಲಿ ನಾನು ಮಾಡಿದ ಒಂದು ತಪ್ಪನ್ನು ಹೇಳಬೇಕು. ಒಮ್ಮೆ ಕಹಿಯಾದ ಐ.ಪಿ.ಎ. ಜೊತೆ ತೀರಾ ಖಾರದ ಆಂಧ್ರ ಕೋಳಿ ತಿಂದೆ. ಹಾಪ್‌ನ ಕಹಿ, ಮದ್ಯಸಾರ ಎರಡೂ ಮೆಣಸಿನ ಉರಿಯನ್ನು ಹೆಚ್ಚಿಸುತ್ತವೆ. ಬಿಯರಿನ ರುಚಿಯೂ ಕೋಳಿಯ ರುಚಿಯೂ ಉರಿಯಲ್ಲಿ ಮುಳುಗಿಹೋದವು. ಈಗ ರೆಸಿಡೆನ್ಸಿ ರಸ್ತೆಯ ನಾಗಾರ್ಜುನದಲ್ಲಿ ಬಾಳೆಲೆ ಊಟವನ್ನು ಮೊದಲು ಮುಗಿಸಿ, ಕೊನೆಗೆ ಮೊಸರನ್ನ ಉಂಡು, ಒಂದು ಗಂಟೆ ಕಳೆದ ಮೇಲೆ ಮ್ಯಾಗ್ರತ್ ರಸ್ತೆಯ ಆರ್ಬರ್ ಬ್ರೂಯಿಂಗ್ ಕಂಪನಿಗೆ ನಡೆದು ಹೋಗುತ್ತೇವೆ. ಅಮೆರಿಕದ ಮಿಶಿಗನ್ ರಾಜ್ಯದ ಆ್ಯನ್ ಆರ್ಬರ್‌ನಲ್ಲಿ 1995ರಲ್ಲಿ ಹುಟ್ಟಿದ ಬ್ರೂವರಿಯ ಹೆಸರಿನಲ್ಲಿ, 2012ರಲ್ಲಿ ಬೆಂಗಳೂರಿನಲ್ಲಿ ತೆರೆದ ಜಾಗ ಇದು. ಇಲ್ಲಿನ ರೇಜಿಂಗ್ ಎಲಿಫೆಂಟ್ ಎಂಬ ಐ.ಪಿ.ಎ.ಯನ್ನು ಉಪ್ಪು ಹಾಕಿದ ಕಡಲೆಕಾಯಿಯಂಥ ಸಾದಾ ತಿನಿಸಿನ ಜೊತೆ ನಿಧಾನವಾಗಿ ಕುಡಿದಾಗಲೇ ಕಹಿಯ ಕೆಳಗಿರುವ ಮಾಲ್ಟಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯದ, ಸಿಹಿ ನನಗೆ ತಿಳಿದದ್ದು.

ದಿನಕ್ಕೆ ಒಂದೇ ಬ್ರೂವರಿ, ಹೆಚ್ಚೆಂದರೆ ಎರಡು ಪೂರ್ತಿ ಲೋಟ, ನಡುನಡುವೆ ನೀರು. ಇದಕ್ಕಿಂತ ಹೆಚ್ಚಾದರೆ ನನ್ನ ಮೂಗು ಕೆಲಸ ಮಾಡುವುದಿಲ್ಲ, ಬರೆದುಕೊಂಡದ್ದಕ್ಕೂ ಅರ್ಥವಿರುವುದಿಲ್ಲ. ಬಿಯರಿನ ಹೆಸರು, ಕುಡಿದ ದಿನಾಂಕ, ಟ್ಯಾಂಕು ತೆರೆದ ದಿನ, ಮೂಗಿಗೆ ಕಂಡದ್ದು ಎಂಬ ನಾಲ್ಕು ಅಂಕಣಗಳಿರುವ ಸಣ್ಣ ಪುಸ್ತಕವೊಂದನ್ನು ಜೇಬಿನಲ್ಲಿ ಇಟ್ಟುಕೊಂಡಿರುತ್ತೇನೆ. ನೇರಳೆ ಮಾರ್ಗ 2023ರಲ್ಲಿ ವೈಟ್‌ಫೀಲ್ಡ್‌ವರೆಗೂ ತಲುಪಿರುವುದರಿಂದ, ಪುಸ್ತಕಗಳ ಕಪಾಟು ಮತ್ತು ಜಾಝ್ ಸಂಗೀತಕ್ಕೆ ಹೆಸರಾದ ಅಲ್ಲಿನ ವಿಂಡ್‌ಮಿಲ್ಸ್ ಬ್ರೂವರಿಗೆ ಮುಂದಿನ ಭೇಟಿಯ ಒಂದು ಇಡೀ ಶನಿವಾರವನ್ನು ಮೀಸಲಿಡಬೇಕೆಂದು ಆ ಪುಸ್ತಕದ ಕೊನೆಯ ಪುಟದಲ್ಲಿ ಗೆಳೆಯ ಬರೆದಿಟ್ಟಿದ್ದಾನೆ.