ಒಂದು ಹಿಡಿ ಹೆಸರುಕಾಳು, ಒಂದನೇ ತರಗತಿ, ಒಂದು ವಾರ

ಒಂದನೇ ತರಗತಿಗೆ ದಿನಕ್ಕೊಂದು ಹೊಸ ಚಟುವಟಿಕೆ ಹುಡುಕುವುದಕ್ಕಿಂತ ಒಂದೇ ವಸ್ತುವನ್ನು ಸೋಮವಾರದಿಂದ ಶನಿವಾರದವರೆಗೆ ಕೈಯಲ್ಲಿ ಇಟ್ಟುಕೊಳ್ಳುವುದು ಮೇಲು. ಆರು ವರ್ಷದ ಮಗು ನಿನ್ನೆ ಮುಟ್ಟಿದ್ದನ್ನೇ ಇವತ್ತೂ ಮುಟ್ಟಲು ಬಯಸುತ್ತದೆ. ದಿನಾ ಹೊಸ ಸಾಮಾನು ತಂದಿಟ್ಟರೆ ಅರ್ಧ ಅವಧಿ ಗಲಾಟೆ ಇಳಿಸುವುದರಲ್ಲೇ ಹೋಗುತ್ತದೆ. ಇಲ್ಲಿ ಹಿಡಿದಿರುವ ವಸ್ತು ಹೆಸರುಕಾಳು. ಎಣಿಸಬಹುದು, ಜೋಡಿಸಬಹುದು, ನೆನೆಸಿ ಬೆಳೆಸಬಹುದು, ಕೊನೆಗೆ ತಿನ್ನಲೂಬಹುದು. ಕಾಳಿನ ಹೆಸರಲ್ಲೇ ‘ಹೆಸರು’ ಇದೆ ಎನ್ನುವುದು ಮಕ್ಕಳಿಗೆ ಭಾರಿ ಖುಷಿ. ಲೆಕ್ಕವೆಲ್ಲ 30 ಮಕ್ಕಳ ತರಗತಿಗೆ.

ಮುಂಚೆಯೇ ಸಿದ್ಧವಾಗಬೇಕಾದ್ದು

ಅರ್ಧ ಕೆಜಿ ಹೆಸರುಕಾಳು, 100 ಗ್ರಾಂ ಹತ್ತಿ, ಟೀ ಕುಡಿಯುವ ಕಾಗದದ ಲೋಟ 35, ಮೊಟ್ಟೆಯ ಟ್ರೇ 5, ಬಾಟಲಿ ಮುಚ್ಚಳ 15, ಹಳೇ ರಟ್ಟು, ಗೋಂದು, ಒಂದು ತೆಳ್ಳನೆಯ ಬಿಳಿ ಪಂಚೆ ತುಂಡು. ಕಾಳು ತಂದ ದಿನವೇ ಮನೆಯಲ್ಲಿ 10 ಕಾಳು ನೆನೆಸಿ ನೋಡಿ. ಎಂಟಾದರೂ ಮೊಳೆಯದಿದ್ದರೆ ಬೇರೆ ಅಂಗಡಿಯಿಂದ ತನ್ನಿ. ಹಳೆಯ ದಾಸ್ತಾನಿನ ಕಾಳು ಕಣ್ಣಿಗೆ ಚೆನ್ನಾಗಿಯೇ ಕಂಡು, ನೀರಲ್ಲಿ ಉಬ್ಬಿ, ಮೊಳೆಯದೆ ಕೊಳೆಯುತ್ತದೆ. ವಾರವೆಲ್ಲ ಕಾದ ಮಕ್ಕಳ ಮುಂದೆ ಆಗ ಹೇಳಲು ಏನೂ ಇರುವುದಿಲ್ಲ.

ಮೊಟ್ಟೆಯ ಟ್ರೇಯಲ್ಲಿ ಐದೈದು ಗುಳಿಯ 6 ಸಾಲು, ಒಟ್ಟು 30 ಗುಳಿ. ಎರಡೆರಡು ಸಾಲಾಗಿ ಕತ್ತರಿಸಿದರೆ ಹತ್ತು ಗುಳಿಯ ಮೂರು ತುಂಡು ಸಿಗುತ್ತವೆ. ಐದು ಟ್ರೇಗೆ 15 ತುಂಡು, ಇಬ್ಬರಿಗೊಂದು. ದುಡ್ಡು ಕೊಟ್ಟು ತರುವ ಯಾವ ಗಣಿತದ ಕಿಟ್ಟೂ ಇದಕ್ಕಿಂತ ಚೆನ್ನಾಗಿ ‘ಹತ್ತು’ ಎಂದರೇನೆಂದು ತೋರಿಸುವುದಿಲ್ಲ.

ಒಂದು ಎಚ್ಚರಿಕೆ. ಈ ವಯಸ್ಸಿನವರು ಕಾಳನ್ನು ಮೂಗಿಗೋ ಕಿವಿಗೋ ತುರುಕಿಕೊಳ್ಳುತ್ತಾರೆ. ಒಳಗಿನ ತೇವಕ್ಕೆ ಕಾಳು ಉಬ್ಬಿ ಇನ್ನಷ್ಟು ಬಿಗಿಯಾಗುತ್ತದೆ. ಅದಕ್ಕೇ ಮುಚ್ಚಳಕ್ಕೆ 20 ಎಣಿಸಿ ಕೊಡಿ, 20 ಎಣಿಸಿ ವಾಪಸ್ ಪಡೆಯಿರಿ. ಎಣಿಕೆಯ ಪಾಠವೂ ಅದೇ, ಕಾವಲೂ ಅದೇ. ಯಾರಿಗಾದರೂ ಒಳಗೆ ಹೋಯಿತೆಂದರೆ ಪಿನ್ನು, ಕಡ್ಡಿ ಹಾಕಿ ಕೆದಕಬೇಡಿ, ಕಿವಿಗೆ ನೀರನ್ನೂ ಬಿಡಬೇಡಿ. ಮನೆಯವರಿಗೆ ಫೋನ್ ಮಾಡಿ, ತಡಮಾಡದೆ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ದಿನದ ಓಟ

ಬೆಂಗಳೂರಿನಲ್ಲಿ ಮೊದಲ 15 ನಿಮಿಷ ಹೊಸ ಪಾಠ ಇಟ್ಟುಕೊಳ್ಳಬೇಡಿ. ವ್ಯಾನು ಸಿಗ್ನಲ್‌ನಲ್ಲಿ ಸಿಕ್ಕಿಕೊಂಡ ನಾಲ್ಕೈದು ಮಕ್ಕಳು ಆಮೇಲೆ ಬರುತ್ತಾರೆ. ಅವರಿಗೆಂದು ಮತ್ತೆ ಹೇಳಿದರೆ ಮೊದಲೇ ಬಂದವರು ಬೇಸರಪಡುತ್ತಾರೆ. ಆ ಹೊತ್ತು ಹಾಡಿಗೆ, ಹಾಜರಿಗೆ, ಹವಾಮಾನ ನಕ್ಷೆಗೆ. ಮಳೆಗಾಲದಲ್ಲಿ ಬೆಳಗ್ಗೆ ನೋಡಿದರೆ ದಿನಾ ‘ಮೋಡ’ ಎಂದೇ ಬರೆಯಬೇಕಾಗುತ್ತದೆ. ಊಟ ಆದ ಮೇಲೆ ಇನ್ನೊಂದು ಸಲ ಗುರುತು ಹಾಕಿಸಿ, ವ್ಯತ್ಯಾಸ ಕಾಣುತ್ತದೆ.

ಆಮೇಲೆ 15 ನಿಮಿಷ ಕೂತು ಮಾಡುವ ಕೆಲಸ, 10 ನಿಮಿಷ ಎದ್ದು ಮಾಡುವ ಕೆಲಸ, ಹೀಗೆ ಸರದಿ. ಆಟದ ಮೈದಾನವೇ ಇಲ್ಲದ ಶಾಲೆಗಳು ಇಲ್ಲಿ ಬೇಕಾದಷ್ಟಿವೆ; ಕಾರಿಡಾರಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಕುಂಟೆಬಿಲ್ಲೆ ಬರೆದರೆ ಸಾಕು.

ಸೋಮವಾರ: ಹೆಸರಿಗೂ ಕಾಳಿಗೂ

ಬೆಳಗ್ಗೆ ಮಕ್ಕಳ ಎದುರಲ್ಲೇ ಎರಡು ಹಿಡಿ ಕಾಳು ತೊಳೆದು, ಮೂರರಷ್ಟು ನೀರಲ್ಲಿ ನೆನೆಸಿ. ಪಕ್ಕದಲ್ಲಿ ಒಂದು ಹಿಡಿ ಒಣಕಾಳು ಇಡಿ. ಶಾಲೆ ಬಿಡುವ ಹೊತ್ತಿಗೆ ಎರಡನ್ನೂ ಒಂದೊಂದು ಅಂಗೈಯಲ್ಲಿ ಹಿಡಿಸಿ: ಯಾವುದು ದಪ್ಪ, ಯಾವುದು ಮೆತ್ತಗೆ, ಯಾವುದರ ಸಿಪ್ಪೆ ಬಿರಿದಿದೆ? ನೆನೆಯದೆ ಕಲ್ಲಿನಂತೆ ಉಳಿದ ಒಂದೆರಡು ಕಾಳು ಇದ್ದೇ ಇರುತ್ತವೆ, ಮಕ್ಕಳೇ ಆರಿಸಿ ತೆಗೆಯಲಿ. ನೀರು ಬಸಿದು, ಒದ್ದೆ ಪಂಚೆಯಲ್ಲಿ ಕಟ್ಟಿ, ಕಿಟಕಿಯ ಸರಳಿಗೆ ನೇತುಹಾಕಿ. ಮರುದಿನ ಬೆಳಗ್ಗೆ ಬಿಳಿ ಮೊಳಕೆಯ ತುದಿ ಇಣುಕುತ್ತಿರುತ್ತದೆ. ಡಿಸೆಂಬರ್, ಜನವರಿಯ ಚಳಿಯಲ್ಲಿ ಬುಧವಾರದವರೆಗೆ ಕಾಯಬೇಕಾಗಬಹುದು.

ನಡುವಿನ ಹೊತ್ತು ಹೆಸರಿನ ಪಟ್ಟಿ. ಅಂಗೈ ಅಗಲದ ರಟ್ಟಿನ ಮೇಲೆ ಪ್ರತಿ ಮಗುವಿನ ಹೆಸರನ್ನು ನೀವೇ ದಪ್ಪಗೆ ಬರೆದುಕೊಡಿ, ಅಕ್ಷರದ ಮೇಲೆ ಗೋಂದು ಎಳೆದು ಒಣಕಾಳು ಅಂಟಿಸಲಿ. ಹೆಸರು ಉದ್ದವಿದ್ದರೆ ಮೊದಲ ಅಕ್ಷರ ಮಾತ್ರ ಸಾಕು. ಬಳಿಕ ಹೆಸರನ್ನು ಚಪ್ಪಾಳೆಯಲ್ಲಿ ಒಡೆಯಿರಿ: ಮಂ-ಜು-ನಾ-ಥ, ನಾಲ್ಕು ಚಪ್ಪಾಳೆ, ಸು-ಮ, ಎರಡು. ಶ್ರೇಯಸ್, ಪ್ರಣವ್ ತರಹದ ಒತ್ತಕ್ಷರದ ಹೆಸರುಗಳನ್ನು ಮಗು ಸದ್ಯಕ್ಕೆ ಚಿತ್ರದಂತೆ ಗುರುತಿಸಿದರೆ ಸಾಕು, ಬಿಡಿಸಿ ಓದು ಎಂದು ಒತ್ತಾಯ ಬೇಡ. ಮಂಗಳವಾರದಿಂದ ಹಾಜರಿ ಕೂಗುವುದೇ ಬೇಡ. ಬಂದ ಮಗು ತನ್ನ ಪಟ್ಟಿಯನ್ನು ತಾನೇ ಹುಡುಕಿ ದಾರಕ್ಕೆ ಸಿಕ್ಕಿಸಲಿ.

ಮಂಗಳವಾರ: ಹತ್ತು ಮತ್ತು ಮೇಲೆ

ಹತ್ತಿಯನ್ನು ನೀರಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಲೋಟದ ತಳಕ್ಕೆ ಹಾಸಿ, ಮೇಲೆ ಮೂರು ಮೊಳಕೆಕಾಳು ಇಡಿಸಿ. ಒಂದೇ ಇಟ್ಟರೆ, ಅದು ಸತ್ತ ಮಗುವಿನ ಅಳುವನ್ನು ನಿಲ್ಲಿಸುವುದು ಕಷ್ಟ. ಇಲ್ಲಿ ಆಗುವ ತಪ್ಪು ಯಾವಾಗಲೂ ಒಂದೇ: ಪ್ರೀತಿ ಹೆಚ್ಚಾಗಿ ನೀರು ಹೆಚ್ಚಾಗುತ್ತದೆ. ಕಾಳು ಮುಳುಗಿದರೆ ಗಾಳಿಯಾಡದೆ ಎರಡೇ ದಿನಕ್ಕೆ ನಾರುತ್ತದೆ. ಕೈಬೆರಳನ್ನು ನೀರಲ್ಲಿ ಅದ್ದಿ ಹತ್ತಿಯ ಮೇಲೆ ಐದು ಹನಿ ಉದುರಿಸುವುದು, ಬೆಳಗ್ಗೆ ಒಮ್ಮೆ, ಮನೆಗೆ ಹೋಗುವಾಗ ಒಮ್ಮೆ. ಹನಿಯನ್ನೂ ಎಣಿಸಲಿ. ಎಲ್ಲ ಲೋಟ ಕಿಟಕಿಯ ಬಳಿ, ಎರಡು ಮಾತ್ರ ಕಪಾಟಿನ ಕತ್ತಲಲ್ಲಿ.

ಗಣಿತಕ್ಕೆ ಟ್ರೇ ತುಂಡು. ಗುಳಿಗೊಂದು ಒಣಕಾಳು ಹಾಕುತ್ತಾ ಹತ್ತು ತುಂಬಿಸಿ, ಉಳಿದದ್ದನ್ನು ಹೊರಗೆ ಸಾಲಾಗಿ ಇಡಲಿ: ಹತ್ತು ಮತ್ತು ಮೂರು, ಹದಿಮೂರು. ಹನ್ನೊಂದು, ಹನ್ನೆರಡು ಒಂದು ರಾಗ. ಹದಿಮೂರರಿಂದ ಹದಿನೆಂಟರವರೆಗೆ ಇನ್ನೊಂದು ರಾಗ. ಹತ್ತೊಂಬತ್ತು ಮತ್ತೆ ದಾರಿ ತಪ್ಪಿಸುತ್ತದೆ. ಮಗು ‘ಹದಿನೊಂಬತ್ತು’ ಎಂದರೆ ನಗಬೇಡಿ, ಗದರಬೇಡಿ. ಅದು ನಿಯಮವನ್ನು ತಾನಾಗಿಯೇ ಕಂಡುಕೊಂಡಿದೆ. ತಪ್ಪಿರುವುದು ಆ ಒಂದು ಪದದಲ್ಲಿ ಮಾತ್ರ. ನೀವು ‘ಹತ್ತೊಂಬತ್ತು’ ಎಂದು ಸರಿಯಾಗಿ ಹೇಳಿ ಮುಂದೆ ಹೋಗಿ. ಇನ್ನು ೧, ೨, ೩ ಮತ್ತು 1, 2, 3 ಎರಡನ್ನೂ ಒಂದೇ ವಾರ ಶುರುಮಾಡಬೇಡಿ. ಮಕ್ಕಳ ಕಣ್ಣಿಗೆ ಕನ್ನಡದ ೧ ಸೊನ್ನೆಯ ಹಾಗೇ ಕಾಣುತ್ತದೆ.

ಬುಧವಾರ: ಅಕ್ಷರ

ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದದ್ದು. ಅದರಲ್ಲಿ ಅಕ್ಷರ ಕಲಿಕೆ ಅ, ಆ, ಇ, ಈ ಎಂದು ಹೋಗುವುದಿಲ್ಲ. ರ, ಗ, ಸ, ದ, ಅ ಎಂದು ಹೊರಡುತ್ತದೆ. ನಿಮ್ಮದು ಯಾವ ಶಾಲೆಯಾದರೂ ಈ ಕ್ರಮ ಹಿಡಿಯುವುದು ಒಳ್ಳೆಯದು. ಐದೇ ಅಕ್ಷರಕ್ಕೆ ಸರ, ರಸ, ಅರಸ, ಅಗಸ, ಗರಗಸ ಎಂದು ನಿಜವಾದ ಪದ ಓದಬಹುದು. ವರ್ಣಮಾಲೆ ಹಿಡಿದು ಹೊರಟರೆ ಮೊದಲ ಪದಕ್ಕೇ ತುಂಬ ದಿನ ಕಾಯಬೇಕು.

ಐದೂ ಅಕ್ಷರವನ್ನು ಸ್ಲೇಟಿನ ತುಂಬ ದೊಡ್ಡದಾಗಿ ಬರೆದು, ಗೆರೆಯ ಮೇಲೆ ಕಾಳು ಜೋಡಿಸಲಿ. ಬರೆಯುವಾಗ ಎಲ್ಲಿಂದ ಶುರುಮಾಡುತ್ತೇವೋ ಅಲ್ಲಿಂದಲೇ ಮೊದಲ ಕಾಳು. ಜೋಡಿಸಿದ ಅಂದಕ್ಕಿಂತ ಜೋಡಿಸುವ ದಿಕ್ಕು ಮುಖ್ಯ, ಮಕ್ಕಳ ಹಿಂದೆ ನಿಂತು ಕೈ ನೋಡಿ. ಕಾಳು ಉರುಳಿ ಕಾಟ ಕೊಟ್ಟರೆ ಸ್ಲೇಟಿನ ಕೆಳಗೆ ಒದ್ದೆ ಬಟ್ಟೆ, ಅಂಚಿಗೆ ಹಗ್ಗ. ಮುಂದಿನ ಗುಂಪಾದ ಜ, ವ, ಮ, ಬ, ನ ಬಂದಾಗ ವ ಮತ್ತು ಮ ನಡುವೆ ಎರಡು ದಿನ ಬಿಡಿ, ಅವೆರಡೂ ಕಲೆಸಿಹೋಗುತ್ತವೆ. ‘ನ’ ಬಂದ ದಿನ ಹಬ್ಬ: ‘ಅರಸನ ಸರ’, ‘ಅಗಸನ ಮಗ’, ‘ಬಸವನ ದನ’ ಎಂದು ಎರಡು ಪದ ಕೂಡಿಸಿ ಓದುವುದು ಅವತ್ತಿನಿಂದ ಸಾಧ್ಯ.

ಗುರುವಾರ: ಮನೆಮನೆಯ ಮಾತು, ಮರಮರದ ಬೀಜ

ಒಂದು, ಎರಡನೇ ತರಗತಿಗೆ ಹೋಂವರ್ಕ್ ಕೊಡುವ ಹಾಗಿಲ್ಲ. ಬುಧವಾರ ಸಂಜೆ ಒಂದು ಪ್ರಶ್ನೆ ಮಾತ್ರ ಬಾಯಲ್ಲಿ ಕಳಿಸಿ: ‘ನಿಮ್ಮ ಮನೇಲಿ ಈ ಕಾಳಿಗೆ ಏನಂತಾರೆ?’ ಮರುದಿನ ತೆಲುಗಿನ ಮನೆಯಿಂದ ಪೆಸಲು, ತಮಿಳಿನ ಮನೆಯಿಂದ ಪಚ್ಚೈಪಯರು, ತುಳುವಿನಿಂದ ಪದೆಂಗಿ, ಹಿಂದಿ ಆಡುವ ಮನೆಯಿಂದ ಮೂಂಗ್ ಬರುತ್ತದೆ. ಎಲ್ಲವನ್ನೂ ಕನ್ನಡ ಅಕ್ಷರದಲ್ಲಿ ಹಲಗೆಯ ಮೇಲೆ ಬರೆಯಿರಿ. ತಿಂಗಳುಗಟ್ಟಲೆ ಬಾಯಿ ಬಿಡದ ಮಗು ತನ್ನ ಮನೆಯ ಮಾತು ಹಲಗೆ ಏರಿದ ದಿನ ಬಾಯಿ ಬಿಡುವುದುಂಟು. ‘ಬಾ’ ಎಂಬುದನ್ನೂ ಕೇಳಿ ನೋಡಿ: ಕನ್ನಡದಲ್ಲಿ ಬಾ, ತಮಿಳಲ್ಲಿ ವಾ, ತೆಲುಗಲ್ಲಿ ರಾ. ಇದನ್ನೇ ಎದ್ದು ಆಡುವ ಆಟ ಮಾಡಿ, ಯಾವ ಮಾತಲ್ಲಿ ಕರೆದರೂ ಓಡಿಬರಲಿ.

ಮಧ್ಯಾಹ್ನ ಶಾಲೆಯ ಸುತ್ತಲಿನ ಬೀದಿಗೆ. ಲಾಲ್‌ಬಾಗ್ 240 ಎಕರೆ. ಅಲ್ಲಿಗೇ ಹೋಗುವುದಾದರೆ ಬಂಡೆ ಮತ್ತು ಒಂದು ಮರ ಸಾಕು, ಉಳಿದದ್ದು ಕಾಲುನೋವು. ಬೀದಿಯಲ್ಲೇ ಹೊಂಗೆಯ ಚಪ್ಪಟೆ ಕಾಯಿ, ಮಳೆಮರದ ಅಂಟು ಕಾಯಿ, ಅಲ್ಲಾಡಿಸಿದರೆ ಗಿಲಿಗಿಲಿ ಎನ್ನುವ ಗುಲ್‌ಮೊಹರ್ ಕಾಯಿ ಕಾಲಕ್ಕೆ ತಕ್ಕಂತೆ ಸಿಗುತ್ತವೆ. ಆರು ಮಕ್ಕಳಿಗೆ ಒಬ್ಬ ದೊಡ್ಡವರು, ಬಿದ್ದದ್ದನ್ನು ಮಾತ್ರ ಆಯುವುದು, ಯಾವುದನ್ನೂ ಬಾಯಿಗಿಡದಿರುವುದು, ಬಂದ ಕೂಡಲೇ ಸೋಪಿನಲ್ಲಿ ಕೈ ತೊಳೆಯುವುದು. ಕ್ರೇಯಾನ್ ಉಜ್ಜಿ ಎಲೆಯ ಅಚ್ಚು ತೆಗೆಸುವುದಾದರೆ ಸೀಬೆ ಎಲೆ ತನ್ನಿ, ಬೆನ್ನಿನ ನರ ಎದ್ದು ಕಾಣುತ್ತದೆ. ಹೊಂಗೆಯ ನುಣುಪು ಎಲೆಯಲ್ಲಿ ಅಚ್ಚು ಮಸುಕು.

ಅವತ್ತು ರಾತ್ರಿ ಶನಿವಾರದ ತಿಂಡಿಗೆಂದು ಬೇರೆ 250 ಗ್ರಾಂ ಕಾಳು ಮನೆಯಲ್ಲಿ ನೆನೆಸಿ. ಬೆಳಗ್ಗೆ ಬಸಿದು ಕಟ್ಟಿಡಿ.

ಶುಕ್ರವಾರ: ನೋಡುವುದು, ಅಳೆಯುವುದು

ಕಪಾಟಿನ ಲೋಟಗಳನ್ನು ಹೊರಗೆ ತೆಗೆಯುವ ಮುಂಚೆ ಕೇಳಿ: ಕತ್ತಲಲ್ಲಿದ್ದದ್ದು ಗಿಡ್ಡವೋ ಉದ್ದವೋ? ಬಹುತೇಕರು ಗಿಡ್ಡ ಎನ್ನುತ್ತಾರೆ. ತೆಗೆದರೆ ಅದೇ ಉದ್ದ, ಬಣ್ಣ ಮಾತ್ರ ಹಳದಿ. ಬೆಳಕನ್ನು ಹುಡುಕಿಕೊಂಡು ಕಾಂಡ ಎಳೆದುಕೊಂಡಿದೆ ಎಂದಷ್ಟೇ ಹೇಳಿ. ದಾರ ಹಿಡಿದು ಸಸಿಯ ಎತ್ತರಕ್ಕೆ ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಲಿ. ಸ್ಕೇಲು ಇನ್ನೂ ಬೇಡ.

ಮಕ್ಕಳಿಗೆ ಪರೀಕ್ಷೆ ಇಡಬೇಡಿ. ಸೋಮವಾರದಿಂದಲೇ ದಿನಕ್ಕೆ ಆರು ಮಕ್ಕಳನ್ನು ಗಮನಿಸಿ ಬರೆದಿಟ್ಟರೆ ಇವತ್ತಿಗೆ ಮೂವತ್ತೂ ಮುಗಿಯುತ್ತವೆ: ತನ್ನ ಹೆಸರನ್ನು ಗುರುತಿಸಿತೇ, ಹತ್ತರ ಮೇಲೆ ಎಣಿಸಿತೇ, ಎರಡು ಅಕ್ಷರದ ಪದ ಓದಿತೇ.

ಶನಿವಾರ

ಅರ್ಧ ದಿನ. ಕಟ್ಟಿಟ್ಟ ಮೊಳಕೆಯನ್ನು ಐದಾರು ನಿಮಿಷ ಆವಿಯಲ್ಲಿ ಬೇಯಿಸಿ ತನ್ನಿ. ಚಿಕ್ಕ ಮಕ್ಕಳಿಗೆ ಹಸಿ ಮೊಳಕೆ ಬೇಡ. ಯಾರಿಗೆ ಏನು ಆಗದು ಎಂದು ಮನೆಯವರನ್ನು ಮೊದಲೇ ಕೇಳಿರಬೇಕು. ಕಾಯಿತುರಿ ಒಂದು ಬಟ್ಟಲು, ಎರಡು ನಿಂಬೆಹಣ್ಣು, ಉಪ್ಪು, ಕೊತ್ತಂಬರಿ ಸೊಪ್ಪು. ಕಲೆಸುವುದು ಮಕ್ಕಳು, ಗುಂಪಿಗೊಂದು ಪಾತ್ರೆ. ತಲಾ ಎರಡು ಚಮಚ ಬಡಿಸುವುದು ಅವರವರೇ ಎಣಿಸಿ. ಲೋಟದಲ್ಲಿ ಬೆಳೆದದ್ದನ್ನು ಯಾರೂ ತಿನ್ನಬಾರದು.

ಆ ಸಸಿ ಹತ್ತಿಯಲ್ಲಿ ಬಹಳ ದಿನ ಬದುಕುವುದಿಲ್ಲ. ಮನೆಗೆ ಕಳಿಸುವಾಗ ಹತ್ತಿಯ ಸಮೇತ ಮಣ್ಣಿಗೆ ಇಡಲು ಹೇಳಿ. ಬೇರನ್ನು ಬಿಡಿಸಲು ಹೋದರೆ ಮುರಿಯುತ್ತದೆ. ಬಾಲ್ಕನಿಯಲ್ಲಿ ಗೇಣುದ್ದ ಆಳದ ಕುಂಡ, ತಳಕ್ಕೆ ತೂತು, ಬಿಸಿಲು ಬೀಳುವ ಜಾಗ. ಎರಡು ತಿಂಗಳು ದಾಟುವ ಹೊತ್ತಿಗೆ ಕಾಯಿ ಕಪ್ಪಗೆ ಒಣಗುತ್ತದೆ. ಬಿಡಿಸಿ, ಒಳಗೆ ಎಷ್ಟು ಕಾಳಿದೆ ಎಂದು ಎಣಿಸಿ ತರಲಿ.