ಉಪ್ಪಿನ ಪ್ಯಾಕೆಟ್ ಮೇಲೆ ತಾರೀಖು ಬರೆದೆ

ಜೋಳದ ರೊಟ್ಟಿಗೆ ನಾವು ಉಪ್ಪು ಹಾಕುವುದಿಲ್ಲ. ಗದಗಿನ ನಮ್ಮ ಮನೆಯಲ್ಲಿ ಉಪ್ಪೆಲ್ಲ ಇರುವುದು ತಾಟಿನ ಅಂಚಿನಲ್ಲಿ. ಶೇಂಗಾ ಚಟ್ನಿ, ಕೆಂಪು ಖಾರ, ಉಪ್ಪಿನಕಾಯಿ, ಹಪ್ಪಳ. ಒಂದೊಂದೂ ಚೂರೇ, ಆದರೆ ಎರಡೂ ಹೊತ್ತು ಬೇಕು. ಅತ್ತೆ, ಯಜಮಾನರು ಇಬ್ಬರಿಗೂ ಬಿಪಿ ಇರುವುದರಿಂದ ಇದನ್ನು ಸುಮ್ನೆ ಬಿಡುವಂತಿರಲಿಲ್ಲ.

ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಒಂದು ಟೀ ಚಮಚಕ್ಕೂ ಸ್ವಲ್ಪ ಕಮ್ಮಿ. ನಾವು ನಾಲ್ಕು ಜನ, 20 ಗ್ರಾಂ. ಆ ಲೆಕ್ಕಕ್ಕೆ ಒಂದು ಕಿಲೋ ಪ್ಯಾಕೆಟ್ 50 ದಿನ ಬರಬೇಕು. ಒಡೆದ ದಿನದ ತಾರೀಖನ್ನು ಪ್ಯಾಕೆಟ್ ಮೇಲೇ ಬರೆದಿಟ್ಟೆ. ತಿಂಗಳು ತುಂಬುವ ಮೊದಲೇ ಖಾಲಿ! ಹೊರಗೆ ತಿಂದ ಮಿರ್ಚಿ, ಗಿರ್ಮಿಟ್ ಇದರಲ್ಲಿ ಸೇರಿಲ್ಲ.

ಮೊದಲು ಕೈ ಹಾಕಿದ್ದು ಚಟ್ನಿಗೆ. ಶೇಂಗಾ ಕುಟ್ಟುವಾಗ ಬೆಳ್ಳುಳ್ಳಿ, ಜೀರಿಗೆ ಜಾಸ್ತಿ ಮಾಡಿ, ಒಂದಿಷ್ಟು ಹುಣಸೆಹಣ್ಣು ಸೇರಿಸಿದೆ. ಉಪ್ಪನ್ನು ಒಮ್ಮೆಲೇ ಇಳಿಸಲಿಲ್ಲ, ಪ್ರತಿ ಸಲ ಒಂದು ಚಿಟಿಕೆ ಕಮ್ಮಿ. ಈಗ ಅರ್ಧಕ್ಕೆ ಬಂದಿದೆ. ಪುಂಡಿಪಲ್ಯಕ್ಕೆ ತನ್ನದೇ ಹುಳಿ ಇದೆಯಲ್ವಾ, ಅದರಲ್ಲಿ ಕಮ್ಮಿಯಾದದ್ದು ಯಾರಿಗೂ ಗೊತ್ತಾಗಲಿಲ್ಲ. ಬೇಳೆ ಸಾರಿಗೆ ಮಾತ್ರ ಅತ್ತೆ, "ಯಾಕವಾ, ಉಪ್ಪು ಹಾಕೂದು ಮರತೀ ಏನ?" ಎಂದರು. ಲಿಂಬಿಹಣ್ಣು ಹಿಂಡಿಕೊಟ್ಟೆ, ಉಂಡರು. ಪ್ಯಾಕೆಟ್ ಈಗ ತಿಂಗಳು ದಾಟುತ್ತದೆ, 50 ದಿನ ಇನ್ನೂ ಮುಟ್ಟಿಲ್ಲ.

ಉಪ್ಪು ಇಳಿಸಿದಷ್ಟೇ ಮುಖ್ಯ ಪೊಟ್ಯಾಸಿಯಂ. ಉಪ್ಪಿನಿಂದ ಬಂದು ಹೆಚ್ಚಾದ ಸೋಡಿಯಂ ಮೂತ್ರದಲ್ಲಿ ಹೊರಹೋಗಲು ಇದು ನೆರವಾಗುತ್ತದೆ. ದೊಡ್ಡವರಿಗೆ ದಿನಕ್ಕೆ ಕನಿಷ್ಠ 3,510 ಮಿಲಿಗ್ರಾಂ ಬೇಕು, ಒಂದು ಬಾಳೆಹಣ್ಣಿನಲ್ಲಿ ಸಿಗುವುದು ಹೆಚ್ಚೆಂದರೆ 400ರ ಸುಮಾರು. ಹಾಗಾಗಿ ಹಣ್ಣೊಂದನ್ನೇ ನಂಬಿದರೆ ಆಗದು. ಮಡಿಕೆಕಾಳು, ಹೆಸರುಕಾಳು, ರಾಜಗಿರಿ ಸೊಪ್ಪು ದಿನಾ ಬೇಕು. ಕಾಳು ಬೇಯಿಸಿದ ನೀರನ್ನು ನಾನು ಚೆಲ್ಲುವುದಿಲ್ಲ. ಪೊಟ್ಯಾಸಿಯಂ ಅದಕ್ಕೂ ಇಳಿದಿರುತ್ತದೆ. ಆ ಕಟ್ಟಿನಲ್ಲೇ ಸಾರು ಮಾಡುತ್ತೇನೆ.

ಒಂದು ಮಾತು ದಯವಿಟ್ಟು ಗಮನಿಸಿ. ಕಿಡ್ನಿ ತೊಂದರೆ ಇದ್ದವರಿಗೆ ಪೊಟ್ಯಾಸಿಯಂ ರಕ್ತದಲ್ಲಿ ಉಳಿದುಕೊಂಡು ಹೃದಯದ ಬಡಿತವೇ ಏರುಪೇರಾಗಬಹುದು. ಬಿಪಿಯ ಕೆಲವು ಗುಳಿಗೆಗಳೂ ರಕ್ತದ ಪೊಟ್ಯಾಸಿಯಂ ಏರಿಸುತ್ತವೆ. ಅಂಗಡಿಯ ಕಡಿಮೆ ಸೋಡಿಯಂ ಉಪ್ಪಿನಲ್ಲಿ ಸಾಮಾನ್ಯವಾಗಿ ಇರುವುದೂ ಪೊಟ್ಯಾಸಿಯಂ ಕ್ಲೋರೈಡೇ, ಡಾಕ್ಟರನ್ನು ಕೇಳದೆ ತರಬೇಡಿ. ಅತ್ತೆ, ಯಜಮಾನರ ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರ್ ಸರಿ ಎಂದ ಮೇಲೆಯೇ ನಾನು ಸೊಪ್ಪು, ಕಾಳು ಹೆಚ್ಚಿಸಿದ್ದು. ಇಬ್ಬರ ಗುಳಿಗೆಯೂ ಮೊದಲಿನಂತೆಯೇ ನಡೆದಿದೆ.